ಪಾದದಡಿಯ ಬೆಳಕು

ಎರಡು ಕಂಪ್ಯೂಟರ್‌ಗಳನ್ನು ಹಳೆಯ ಹೊದಿಕೆಯಲ್ಲಿ ಸುತ್ತಿ ಓಮ್ನಿಯ ಹಿಂದಿನ ಸೀಟಿನಲ್ಲಿ ಕೂರಿಸಿದ್ದೆವು. ಶಿರಾಡಿ ಘಾಟಿಯ ಪ್ರತಿ ತಿರುವಿನಲ್ಲೂ ನನ್ನ ಅಳಿಯ ಅವುಗಳ ಪೈಕಿ ದೊಡ್ಡದನ್ನು ಎರಡೂ ಕೈಯಲ್ಲಿ ತಬ್ಬಿಕೊಳ್ಳುತ್ತಿದ್ದ. "ನಿಧಾನ ಮಾವ, ಗ್ರಾಫಿಕ್ಸ್ ಕಾರ್ಡ್ ಅಲ್ಲಾಡ್ತಾ ಉಂಟು." ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಯೊಂದರಿಂದ ಸೆಕೆಂಡ್ ಹ್ಯಾಂಡ್ ತಂದ ಜಿಟಿಎಕ್ಸ್ 970 ಅದು. ಅಲ್ಲಾಡುವ ವಯಸ್ಸೇ ಆಗಿತ್ತು ಅದಕ್ಕೆ.

2020ರ ಜನವರಿ. ಪುತ್ತೂರು ಕಡೆಯ ನಮ್ಮೂರಿನ ಯುವಕ ಮಂಡಲದ ಹೊನಲು ಬೆಳಕಿನ ಕಬಡ್ಡಿಗೆ ಹೊರಟಿದ್ದೆವು. ಕೊಯ್ಲು ಮುಗಿದು ಗದ್ದೆ ಒಣಗಿತೆಂದರೆ ನಮ್ಮ ಕಡೆ ಒಂದೋ ಯಕ್ಷಗಾನ, ಇಲ್ಲವೇ ಕಬಡ್ಡಿ. ಎರಡೂ ರಾತ್ರಿಯಿಡೀ. ಬೆಂಗಳೂರಿನಲ್ಲಿ ಕೆಲಸಕ್ಕಿರುವವರು, ದುಬೈ, ಕುವೈತ್‌ನಲ್ಲಿರುವವರು ಊರಿನ ಕಬಡ್ಡಿಯನ್ನು ಮೊಬೈಲಿನಲ್ಲಿ ನೋಡಬೇಕು ಎನ್ನುವುದು ಮಂಡಲದವರ ಆಸೆ. ಅದನ್ನು ತೀರಿಸುವ ಹೊಣೆ ನಾಲ್ಕು ವರ್ಷದಿಂದ ನನ್ನ ತಲೆಗೆ ಬಿದ್ದಿತ್ತು. ಬಿದ್ದಿತ್ತು ಅನ್ನುವುದು ಸುಳ್ಳು. ನಾನೇ ಕೇಳಿ ಪಡೆದದ್ದು.

ಈ ಹುಚ್ಚಿನ ಮೂಲ ಪಿಯುಸಿ ಕಾಲದ್ದು. ಪೇಟೆಯ ಸ್ಟುಡಿಯೋ ಒಂದರಲ್ಲಿ ರಜೆಯಲ್ಲಿ ಲೈಟು ಹಿಡಿಯುವ ಹುಡುಗನಾಗಿದ್ದೆ. ಮದುವೆ ಮಂಟಪದಲ್ಲಿ ಆ ಸುಡುವ ದೀಪ ಎತ್ತಿ ನಿಂತರೆ ಮದುಮಗನಿಗಿಂತ ನಾನೇ ಹೆಚ್ಚು ಬೆವರುತ್ತಿದ್ದೆ. ಸ್ಟುಡಿಯೋದ ಒಳಕೋಣೆಯಲ್ಲಿ ಪ್ಯಾನಾಸೋನಿಕ್‌ನ ಎಂಎಕ್ಸ್-50 ಮಿಕ್ಸರ್ ಇತ್ತು. ವಧುವಿನ ಮುಖವನ್ನು ಹೃದಯದಾಕಾರದೊಳಗೆ ಕೂರಿಸುವುದು, ಧಾರೆಯ ಮೇಲೆ ಹೂಮಳೆ ಸುರಿಸುವುದು, ಒಂದು ದೃಶ್ಯ ಪರದೆಯ ಹಾಗೆ ಸರಿದು ಇನ್ನೊಂದು ಬರುವುದು, ಎಲ್ಲ ಅದರದೇ ಕೈವಾಡ. ಯಜಮಾನರು ಅದರ ಮೇಲೆ ಬಟ್ಟೆ ಹೊದಿಸಿ ಇಡುತ್ತಿದ್ದರು. ನಾನು ಒರೆಸಬಹುದಿತ್ತು, ಗುಂಡಿ ಒತ್ತುವಂತಿರಲಿಲ್ಲ. ಇಂಜಿನಿಯರಿಂಗ್ ಓದಿ ಕೆಲಸ ಸಿಕ್ಕಿ ಎಷ್ಟೋ ವರ್ಷದ ಮೇಲೆ, ಅದೇ ಕೆಲಸ ಮಾಡುವ ತಂತ್ರಾಂಶ ದುಡ್ಡಿಲ್ಲದೆ ಸಿಗುತ್ತದೆ, ಅದರ ಹೊಟ್ಟೆಯೊಳಗೂ ಕೈಹಾಕಬಹುದು ಎಂದು ಗೊತ್ತಾದಾಗ ನನಗೆ ಮೊದಲು ನೆನಪಾದದ್ದು ಆ ಬಟ್ಟೆ.

ಮೊದಲ ಮೂರು ವರ್ಷ ನಮ್ಮದು ಒಬಿಎಸ್ ಸ್ಟುಡಿಯೋ. ಹ್ಯೂ ಬೈಲಿ ಎಂಬಾತ ಆಟವಾಡುವುದನ್ನು ಲೈವ್ ತೋರಿಸಲೆಂದು ಬರೆದು 2012ರಲ್ಲಿ ಹೊರಬಿಟ್ಟದ್ದು. ಈಗ ಲೈವ್ ಮಾಡುವವರಲ್ಲಿ ಅದನ್ನು ಮುಟ್ಟದವರು ಕಡಿಮೆ. ಎಡಗಡೆ ಮುಂದೆ ತೋರಿಸಬೇಕಾದ ಚಿತ್ರ, ಬಲಗಡೆ ಈಗ ಹೋಗುತ್ತಿರುವ ಚಿತ್ರ, ನಡುವೆ ಬದಲಾಯಿಸುವ ಗುಂಡಿ. ಒಂದು ಗಂಟೆಯಲ್ಲಿ ಕೈ ಪಳಗುತ್ತದೆ. ರಿಪ್ಲೇಗೂ ಅದರಲ್ಲಿ ದಾರಿ ಉಂಟು: ಕಳೆದ 20 ಸೆಕೆಂಡೋ 30 ಸೆಕೆಂಡೋ, ನಾವು ಹೇಳಿದಷ್ಟನ್ನು ಸದಾ ಮೆಮೊರಿಯಲ್ಲಿ ಇಟ್ಟುಕೊಂಡು, ಕೀ ಒತ್ತಿದ ಕೂಡಲೇ ಕಡತವಾಗಿ ಇಳಿಸಿಕೊಡುತ್ತದೆ.

ತೊಂದರೆ ಇದ್ದದ್ದು ಕಬಡ್ಡಿಯಲ್ಲಿ. ಒಬಿಎಸ್ ಇಟ್ಟುಕೊಳ್ಳುವುದು ನಾವು ಮಿಕ್ಸ್ ಮಾಡಿ ಹೊರಗೆ ಬಿಟ್ಟ ಚಿತ್ರವನ್ನು. ರೈಡರ್ ನಡುಗೆರೆ ದಾಟಿ ಒಳಹೊಕ್ಕಾಗ ನಾನು ತೋರಿಸುತ್ತಿದ್ದದ್ದು ಇಡೀ ಅಂಕಣ ಕಾಣುವ ಎತ್ತರದ ಕ್ಯಾಮೆರಾವನ್ನು. ಅವನ ಕಾಲು ಬೋನಸ್ ಗೆರೆ ದಾಟಿತೋ ಇಲ್ಲವೋ ಎಂದು ಸರಿಯಾಗಿ ಕಂಡದ್ದು ಪಕ್ಕದಲ್ಲಿ ನೆಲಮಟ್ಟಕ್ಕೆ ಕೂತಿದ್ದ ಕ್ಯಾಮೆರಾಕ್ಕೆ. ಆ ಕ್ಷಣ ಅದು ಲೈವಿನಲ್ಲಿ ಇರಲಿಲ್ಲ, ಹಾಗಾಗಿ ರಿಪ್ಲೇಯಲ್ಲೂ ಇಲ್ಲ. ಎಲ್ಲ ಕ್ಯಾಮೆರಾಗಳನ್ನೂ ಬೇರೆ ಬೇರೆಯಾಗಿ ನೆನಪಿಟ್ಟು, ಆಮೇಲೆ ಬೇಕಾದ ಕೋನದಿಂದ ನಿಧಾನವಾಗಿ ತೋರಿಸುವ ಯಂತ್ರಗಳು ದೊಡ್ಡ ಚಾನೆಲ್‌ಗಳ ವಾಹನಗಳಲ್ಲಿ ಇರುತ್ತವೆ. ಬೆಲ್ಜಿಯಂನ ಇವಿಎಸ್ ಕಂಪನಿಯ ಹೆಸರು ಆ ಕೆಲಸಕ್ಕೇ ಪರ್ಯಾಯಪದವಾಗುವಷ್ಟು ಪ್ರಸಿದ್ಧ. ಅದರ ಬೆಲೆ ವಿಚಾರಿಸುವ ಧೈರ್ಯ ಯುವಕ ಮಂಡಲಕ್ಕೆ ಇರಲಿಲ್ಲ.

ಹುಡುಕುತ್ತ ಸಿಕ್ಕಿದ್ದು ಒಂದು ಜೋಡಿ: ನಗೇರು ಮತ್ತು ಫುತತಾಬಿ. ನಾರ್ವೆಯ ಸ್ಟೈನಾರ್ ಗುಂಡರ್‌ಸನ್ ಬರೆದ ಮುಕ್ತ ತಂತ್ರಾಂಶಗಳು. ಹೆಸರು ಮಾತ್ರ ಜಪಾನಿ ಭಾಷೆಯವು. ನಗೇರು ಎಂದರೆ ಎಸೆಯುವುದು, ಫುತತಾಬಿ ಎಂದರೆ ಮತ್ತೊಮ್ಮೆ. ಮೊದಲನೆಯದು ಮಿಕ್ಸರ್, ಎರಡನೆಯದು ರಿಪ್ಲೇ. ನಾರ್ವೆಯಲ್ಲಿ ಫ್ರಿಸ್ಬೀ ಪಂದ್ಯಾವಳಿ ತೋರಿಸಲು ಬಳಕೆಯಾದದ್ದು ಎಂದು ಓದಿದಾಗ ಅಳಿಯ ನಕ್ಕ. "ತಟ್ಟೆ ಎಸೆಯುವವರಿಗೆ ಆಗ್ತದೆ ಅಂದ್ರೆ ಕಬಡ್ಡಿಗೆ ಆಗ್ಲಿಕ್ಕಿಲ್ವಾ?"

ಆಗುತ್ತದೆ. ಆದರೆ ಸುಮ್ಮನೆ ಆಗುವುದಿಲ್ಲ. ಡೆಬಿಯನ್ ಲಿನಕ್ಸ್‌ನಲ್ಲಿ ಸಿದ್ಧ ಪೊಟ್ಟಣ ಇತ್ತು. ನನಗೆ ಅಂಕಪಟ್ಟಿಯನ್ನು ವೆಬ್ ಪುಟದ ಹಾಗೆ ಬರೆದು ಚಿತ್ರದ ಮೇಲೆ ಕೂರಿಸುವ ಆಸೆ. ಅದಕ್ಕೆ ಕ್ರೋಮಿಯಂ ಬ್ರೌಸರಿನ ಎಂಜಿನ್ ಜೋಡಿಸಬೇಕು, ಜೋಡಿಸಬೇಕಾದರೆ ಮೂಲದಿಂದಲೇ ಕಂಪೈಲ್ ಮಾಡಬೇಕು. ಅಂಕಪಟ್ಟಿಯ ಹಟಕ್ಕೆ ಕಾರಣ ಉಂಟು. ಹಿಂದಿನ ವರ್ಷ ಬೇರೊಂದು ಸಾಧನದಲ್ಲಿ ತಂಡದ ಹೆಸರು ಬರೆದಿದ್ದೆ. ಪುತ್ತೂರಿನ ತಕಾರದ ಒತ್ತು ಕಳಚಿ ಪಕ್ಕಕ್ಕೆ ಬಂದು ನಿಂತಿತ್ತು. ರಾತ್ರಿಯಿಡೀ ಅದು ಹಾಗೇ ನಿಂತಿತ್ತು. ಕುವೈತ್‌ನಿಂದ ಒಬ್ಬರು ಫೋನು ಮಾಡಿ, ಆಟ ಚೆನ್ನಾಗಿತ್ತು, ಕಾಗುಣಿತ ಯಾರದ್ದು ಎಂದು ಕೇಳಿದ್ದರು. ಬ್ರೌಸರಿನ ಎಂಜಿನ್‌ಗೆ ಒತ್ತಕ್ಷರ ಸರಿಯಾಗಿ ಕೂರಿಸಲು ಬರುತ್ತದೆ. ಆ ಒಂದು ತಕಾರಕ್ಕಾಗಿ ಮೂರು ರಾತ್ರಿ ಹೋಯಿತು.

ಅಂತೂ ನಗೇರುವಿನ ಕಿಟಕಿ ತೆರೆದುಕೊಂಡಿತು. ಒಳಗೆ ಏನು ನಡೆಯುತ್ತದೆ ಎಂದು ತಿಳಿಯುತ್ತ ಹೋದ ಹಾಗೆ ಹಳೆಯ ಮಿಕ್ಸರಿನ ಬಟ್ಟೆ ಒಂದೊಂದೇ ಪದರ ಸರಿದ ಹಾಗಾಗುತ್ತಿತ್ತು. ಮೂರು ಕ್ಯಾಮೆರಾ ಎಂದರೆ ಮೂರು ಗಡಿಯಾರ. ಪ್ರತಿಯೊಂದೂ ಸೆಕೆಂಡಿಗೆ 50 ಚಿತ್ರ ಎನ್ನುತ್ತದೆ, ಆದರೆ ಒಂದರ 50 ಇನ್ನೊಂದರ 50 ಅಲ್ಲ. ಒಂದು ಕೂದಲೆಳೆಯಷ್ಟು ಮುಂದೆ, ಇನ್ನೊಂದು ಹಿಂದೆ. ನಗೇರು ಅವುಗಳಲ್ಲಿ ಒಂದನ್ನು ಯಜಮಾನನೆಂದು ಒಪ್ಪಿಕೊಳ್ಳುತ್ತದೆ. ಉಳಿದವು ಅದಕ್ಕೆ ಹೊಂದಿಕೊಳ್ಳಬೇಕು. ಮುಂದೆ ಓಡಿದರೆ ಒಂದು ಚಿತ್ರ ಬಿಡುವುದು, ಹಿಂದೆ ಬಿದ್ದರೆ ಒಂದನ್ನು ಎರಡು ಸಲ ತೋರಿಸುವುದು. ಧ್ವನಿಯನ್ನು ಹಾಗೆ ಕತ್ತರಿಸಿದರೆ ಕಿವಿಗೆ ಟಿಕ್ ಎಂದು ಗೊತ್ತಾಗುವುದರಿಂದ ಅದನ್ನು ಸೂಕ್ಷ್ಮವಾಗಿ ಎಳೆದು, ಕುಗ್ಗಿಸಿ ಹೊಂದಿಸುತ್ತದೆ. ಯಾವ ಗುಂಡಿ ಒತ್ತಿದರೆ ಏನಾಗಬೇಕು ಎಂಬುದನ್ನೂ ಲುವಾ ಭಾಷೆಯಲ್ಲಿ ನಾವೇ ಬರೆದುಕೊಳ್ಳಬಹುದು. ನಾನು ಹೃದಯದಾಕಾರದ್ದೊಂದು ಬರೆಯಲು ಹೊರಟಿದ್ದೆ. ಅಳಿಯ ಬೇಡ ಎಂದ.

ಫುತತಾಬಿಯ ಕೆಲಸ ಹೀಗೆ: ನಗೇರು ಮೂರೂ ಕ್ಯಾಮೆರಾಗಳ ಒಂದೊಂದು ಚಿತ್ರವನ್ನೂ ಜೆಪೆಗ್ ಮಾಡಿ ನೆಟ್‌ವರ್ಕ್ ತಂತಿಯ ಮೂಲಕ ಫುತತಾಬಿ ಇರುವ ಇನ್ನೊಂದು ಕಂಪ್ಯೂಟರಿಗೆ ಕಳಿಸುತ್ತಲೇ ಇರುತ್ತದೆ. ಅದು ಎಲ್ಲವನ್ನೂ ಡಿಸ್ಕಿಗೆ ಬರೆದುಕೊಳ್ಳುತ್ತದೆ. ನಮ್ಮಲ್ಲಿ ಒಂದು ಕ್ಯಾಮೆರಾಕ್ಕೆ ಗಂಟೆಗೆ ಇಪ್ಪತ್ತು ಮೂವತ್ತು ಜಿಬಿ ತಿನ್ನುತ್ತಿತ್ತು. ರಿಪ್ಲೇಗೆ ಕೂತವನು ಇಲ್ಲಿಂದ ಇಲ್ಲಿಯವರೆಗೆ ಎಂದು ಗುರುತು ಹಾಕಿ, ಯಾವ ಕ್ಯಾಮೆರಾ ಎಂದು ಆರಿಸಿ, ಓಡಿಸಿದರೆ ಆ ನಿಧಾನದ ಚಿತ್ರ ನಗೇರುವಿಗೆ ಇನ್ನೊಂದು ಕ್ಯಾಮೆರಾದ ಹಾಗೆ ವಾಪಸು ಬರುತ್ತದೆ. ನಾನು ಬೇಕಾದಾಗ ಅದಕ್ಕೆ ಹೊರಳಿದರಾಯಿತು.

ನಿಧಾನ ಎಂದೆನಲ್ಲ, ಅದೇ ಮುಖ್ಯ. ಸೆಕೆಂಡಿಗೆ 50 ಚಿತ್ರ ತೆಗೆದದ್ದನ್ನು ಅರ್ಧ ವೇಗದಲ್ಲಿ ತೋರಿಸಬೇಕೆಂದರೆ ಕೈಯಲ್ಲಿರುವುದು ಸೆಕೆಂಡಿಗೆ 25. ಒಂದೊಂದನ್ನು ಎರಡೆರಡು ಸಲ ತೋರಿಸಿದರೆ ಚಿತ್ರ ಮುಗ್ಗರಿಸುತ್ತದೆ. ಫುತತಾಬಿ ಹಾಗೆ ಮಾಡುವುದಿಲ್ಲ. ಅಕ್ಕಪಕ್ಕದ ಎರಡು ಚಿತ್ರಗಳನ್ನು ಗ್ರಾಫಿಕ್ಸ್ ಕಾರ್ಡಿನಲ್ಲಿ ಹೋಲಿಸಿ, ಕೈ ಇಲ್ಲಿತ್ತು, ಮುಂದಿನದರಲ್ಲಿ ಅಲ್ಲಿದೆ, ಹಾಗಾದರೆ ನಡುವೆ ಇಲ್ಲಿದ್ದಿರಬೇಕು ಎಂದು ಪ್ರತಿ ಬಿಂದುವಿಗೂ ಲೆಕ್ಕ ಹಾಕಿ ನಡುವಿನ ಚಿತ್ರವನ್ನು ತಾನೇ ಬಿಡಿಸುತ್ತದೆ. ಆಪ್ಟಿಕಲ್ ಫ್ಲೋ ಎನ್ನುತ್ತಾರೆ. ಹೊಸ್ತಿಲಲ್ಲಿ ಚುಕ್ಕಿ ಇಟ್ಟು ರಂಗೋಲಿ ಎಳೆದ ಹಾಗೆ. ಚುಕ್ಕಿ ಕ್ಯಾಮೆರಾದ್ದು, ಗೆರೆ ಕಂಪ್ಯೂಟರಿನದು. ಅರ್ಧ ವೇಗದಲ್ಲಿ ಎರಡರಲ್ಲಿ ಒಂದು ಚಿತ್ರ ಯಾವ ಕ್ಯಾಮೆರಾವೂ ತೆಗೆಯದ್ದು. ಕಾಲು ವೇಗಕ್ಕಿಳಿಸಿದರೆ ನಾಲ್ಕರಲ್ಲಿ ಮೂರು. ಬೆಂಗಳೂರಿನ ಕೋಣೆಯಲ್ಲಿ ಅಳಿಯನನ್ನು ಫ್ಯಾನಿನ ಕೆಳಗೆ ಕುಣಿಸಿ ಮೊದಲ ಸಲ ಅದನ್ನು ನೋಡಿದಾಗ ನಮ್ಮಿಬ್ಬರಿಗೂ ಮಾತು ಹೊರಡಲಿಲ್ಲ. ಎಣ್ಣೆಯಲ್ಲಿ ಅದ್ದಿ ತೆಗೆದಷ್ಟು ನಯ. ಫ್ಯಾನಿನ ರೆಕ್ಕೆಗಳು ಮಾತ್ರ ಅಲ್ಲಲ್ಲಿ ಕರಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಅದನ್ನು ನೋಡಿ ನಕ್ಕೆವು. ಆ ನಗು ನೆನಪಿಟ್ಟುಕೊಳ್ಳಬೇಕಿತ್ತು.

ಗದ್ದೆಯಲ್ಲಿ ಬೇರೆಯದೇ ಪಾಠ. ಮ್ಯಾಟ್ ಹಾಸಿ 13 ಮೀಟರ್ ಉದ್ದ, 10 ಮೀಟರ್ ಅಗಲದ ಅಂಕಣ. ಸುತ್ತ ಅಡಿಕೆ ಮರದ ಕಂಬ ನಿಲ್ಲಿಸಿ ಗ್ಯಾಲರಿ. ವೇದಿಕೆಯ ಹಿಂದೆ, ಸೌಂಡ್ಸಿನವರ ಮಗ್ಗುಲಲ್ಲಿ ನಮಗೊಂದು ಮೇಜು. ಎತ್ತರದಲ್ಲಿ ಒಂದು ಕ್ಯಾಮೆರಾ, ಎರಡೂ ಕಡೆಯ ಬೋನಸ್ ಗೆರೆಗಳ ನೇರಕ್ಕೆ ಒಂದೊಂದು. ಸಂಜೆ ನೋಡುವಾಗ ಚಿತ್ರ ಚಿನ್ನದಂತಿತ್ತು. ರಾತ್ರಿ ಕರೆಂಟು ಹೋಗಿ ಜನರೇಟರ್ ಹೊತ್ತಿದ ಮೇಲೆ ಮೂರೂ ಕ್ಯಾಮೆರಾಗಳಲ್ಲಿ ಮಬ್ಬು ಪಟ್ಟಿಗಳು ಮೇಲಿಂದ ಕೆಳಗೆ ಹರಿಯತೊಡಗಿದವು. ಇಲ್ಲಿನ ವಿದ್ಯುತ್ತು ಸೆಕೆಂಡಿಗೆ 50 ಆವರ್ತ, ದೀಪ ಮಿನುಗುವುದು 100 ಸಲ. ಅದಕ್ಕೆ ಹೊಂದುವಂತೆ ಶಟರ್ ಇಟ್ಟಿದ್ದೆ. ಜನರೇಟರ್ ಮಾತ್ರ ಹೊರೆ ಹೆಚ್ಚಾದರೆ ಕುಗ್ಗುತ್ತದೆ, ಕಡಿಮೆಯಾದರೆ ಏರುತ್ತದೆ. ಚರುಂಬುರಿ ಅಂಗಡಿಯವನು ಬಲ್ಬು ಹಚ್ಚಿದರೂ ನನ್ನ ಚಿತ್ರದಲ್ಲಿ ಗೊತ್ತಾಗುತ್ತಿತ್ತು. ಜನರೇಟರಿನವರು ನನ್ನ ಮಾತು ಪೂರ್ತಿ ಕೇಳಿ, "ದೀಪ ಉರೀತದಲ್ವಾ?" ಎಂದರು. ಉರಿಯುತ್ತಿತ್ತು. ಶಟರನ್ನು ಇನ್ನೂ ನಿಧಾನ ಮಾಡಿದೆ. ಪಟ್ಟಿ ಮಾಯವಾಯಿತು. ಓಡುವ ಕಾಲು ಸ್ವಲ್ಪ ಮಸುಕಾಯಿತು. ಯಾರಿಗೆ ಗೊತ್ತಾಗುತ್ತದೆ, ಬಿಡು ಎಂದುಕೊಂಡೆ.

ಅಳಿಯ ರಿಪ್ಲೇಗೆ ಕೂತ. ಎರಡನೇ ಪಂದ್ಯದಲ್ಲಿ ಕ್ಯಾಚರ್ ಒಬ್ಬ ರೈಡರನ ಪಾದ ಹಿಡಿದು ಇಡೀ ಮೈಯನ್ನು ಮ್ಯಾಟಿಗೆ ಒಗೆದದ್ದನ್ನು ಅವನು ನಿಧಾನದಲ್ಲಿ ತೋರಿಸಿದ. ಮಂಡಲದವರು ಹಾಕಿಸಿದ್ದ ಎಲ್ಇಡಿ ಪರದೆಯ ಮೇಲೆ ಆ ಮೈ ಗಾಳಿಯಲ್ಲಿ ತೇಲಿ ಇಳಿದಾಗ ಗ್ಯಾಲರಿಯಿಂದ ಬಂದ ಸದ್ದನ್ನು ನಾನು ಮರೆಯುವುದಿಲ್ಲ. ವೀಕ್ಷಕ ವಿವರಣೆ ಹೇಳುತ್ತಿದ್ದವರು ಮಾತು ನಿಲ್ಲಿಸಿ ಪರದೆ ನೋಡಿದರು. ನಮ್ಮ ಕಡೆ ವಿವರಣೆಕಾರರು ಮಾತು ನಿಲ್ಲಿಸುವುದು ಕಂಡವರಿಲ್ಲ. ಆಮೇಲೆ ಪ್ರತಿ ರೈಡಿನ ಕೊನೆಗೂ ಎರಡೂವರೆ ಸಾವಿರ ಕಣ್ಣು ಅಂಕಣ ಬಿಟ್ಟು ಪರದೆಯ ಕಡೆ ತಿರುಗತೊಡಗಿದವು. ನನಗೆ ಹೆಮ್ಮೆ. ಅಂಪೈರುಗಳಿಗೆ ಅದು ಹಿಡಿಸಲಿಲ್ಲ ಎಂದು ನನಗೆ ಗೊತ್ತಾಗಬೇಕಿತ್ತು.

ಆಟವನ್ನು ಮತ್ತೊಮ್ಮೆ ತೋರಿಸುವ ಈ ಹುಚ್ಚಿಗೂ ಒಂದು ಚರಿತ್ರೆ ಉಂಟು. 1963ರ ಡಿಸೆಂಬರ್ 7ರಂದು ಅಮೆರಿಕದ ಸೇನೆ ಮತ್ತು ನೌಕಾಪಡೆ ತಂಡಗಳ ಫುಟ್‌ಬಾಲ್ ಪಂದ್ಯದಲ್ಲಿ ಸಿಬಿಎಸ್‌ನ ನಿರ್ದೇಶಕ ಟೋನಿ ವರ್ನಾ ಒಂದು ದೊಡ್ಡ ಟೇಪ್ ಯಂತ್ರವನ್ನು ಕ್ರೀಡಾಂಗಣಕ್ಕೆ ಸಾಗಿಸಿ, ಆಗಷ್ಟೇ ಆದ ಟಚ್‌ಡೌನನ್ನು ಮತ್ತೊಮ್ಮೆ ತೋರಿಸಿದ. ನಿಧಾನದಲ್ಲಲ್ಲ, ಮಾಮೂಲಿ ವೇಗದಲ್ಲೇ. ಇದು ಈಗ ನಡೆಯುತ್ತಿರುವುದಲ್ಲ, ಇನ್ನೊಂದು ಸಲ ಅಂಕ ಬಂದದ್ದಲ್ಲ ಎಂದು ವಿವರಣೆಕಾರ ನೋಡುಗರಿಗೆ ಬಿಡಿಸಿ ಹೇಳಬೇಕಾಯಿತು. ಕಣ್ಣಿಗೆ ಕಂಡದ್ದು ಈಗಿನದ್ದಲ್ಲದಿರಬಹುದು ಎಂಬ ತಿಳಿವಳಿಕೆಯೇ ಆಗ ಹೊಸತು. 1992ರಲ್ಲಿ ಡರ್ಬನ್‌ನಲ್ಲಿ ಜಾಂಟಿ ರೋಡ್ಸ್ ಎಸೆತಕ್ಕೆ ತೆಂಡೂಲ್ಕರ್ ರನೌಟ್ ಎಂದು ಮೂರನೇ ಅಂಪೈರ್ ಟಿವಿ ನೋಡಿ ತೀರ್ಪು ಕೊಟ್ಟಾಗ ನಮ್ಮ ಮನೆಯಲ್ಲಿ ದೊಡ್ಡಪ್ಪ, "ಪೆಟ್ಟಿಗೆ ನೋಡಿ ಹೇಳುದಾದ್ರೆ ನಾನೂ ಅಂಪೈರೇ" ಎಂದಿದ್ದರು. ಅದು ಮೊಟ್ಟಮೊದಲ ಸಲ ಎಂದು ಅವರಿಗೂ ಗೊತ್ತಿರಲಿಲ್ಲ, ನನಗೂ.

ನಮ್ಮ ಗದ್ದೆಯಲ್ಲಿ ಬೆಳಗಿನ ಜಾವ ಮೂರೂವರೆ. ಸೆಮಿಫೈನಲ್. ನಮ್ಮೂರ ತಂಡ ಒಂದು ಅಂಕ ಹಿಂದೆ, ಕೊನೆಯ ರೈಡ್. ಎದುರು ಆರು ಜನ ಇದ್ದರು, ಅಂದರೆ ಬೋನಸ್ ಉಂಟು. ಬೋನಸ್ ಸಿಗಬೇಕಾದರೆ ಒಂದು ಕಾಲು ಗೆರೆಯಾಚೆ ಊರಿದ ಹೊತ್ತಿಗೆ ಇನ್ನೊಂದು ಕಾಲು ನೆಲ ಬಿಟ್ಟಿರಬೇಕು. ಹುಡುಗ ಬಲಮೂಲೆಗೆ ನುಗ್ಗಿ, ಕಾಲು ಚಾಚಿ, ಸೊಂಟ ತಿರುಗಿಸಿ ಯಾರ ಕೈಗೂ ಸಿಗದೆ ವಾಪಸು ಬಂದ. ಗೆರೆಯ ಬಳಿ ಇದ್ದ ಅಂಪೈರ್ ಕೈ ಆಡಿಸಿದರು. ಬೋನಸ್ ಇಲ್ಲ.

ಗ್ಯಾಲರಿ ಕುದಿಯಿತು. ಅಳಿಯ ಆಗಲೇ ಬಲಗಡೆಯ ಕ್ಯಾಮೆರಾ ಆರಿಸಿ, ಕಾಲು ವೇಗಕ್ಕೆ ಇಳಿಸಿ ಓಡಿಸಿದ್ದ. ನಾನು ಹೊರಳಿದೆ. ಎಲ್ಇಡಿಯ ಮೇಲೆ ಆ ಹಿಂಗಾಲು ಅಷ್ಟಗಲ ಅಷ್ಟುದ್ದ. ಮುಂಗಾಲು ಇಳಿಯಿತು, ಹಿಂಗಾಲಿನ ಪಾದದ ಕೆಳಗೆ ಒಂದು ಬಿಳಿ ಎಳೆ ಕಂಡಿತು. ಬೆಳಕು. ಪಾದಕ್ಕೂ ಮ್ಯಾಟಿಗೂ ನಡುವೆ ಬೆಳಕು! ಇಡೀ ಗದ್ದೆ ಎದ್ದು ನಿಂತಿತು.

ರೆಫ್ರಿ ನಿವೃತ್ತ ಪಿ.ಟಿ. ಮಾಸ್ಟ್ರು. ಗಲಾಟೆ ಇಳಿಯುವುದಿಲ್ಲ ಎಂದು ಕಂಡಾಗ ಶಿಳ್ಳೆಯನ್ನು ಕಿಸೆಗೆ ಹಾಕಿ ನಮ್ಮ ಮೇಜಿನ ಹತ್ತಿರ ಬಂದರು. ಅವರ ಹಿಂದೆ ಮಂಡಲದ ಕಾರ್ಯದರ್ಶಿ, ಎರಡೂ ತಂಡದ ಕ್ಯಾಪ್ಟನ್ನುಗಳು.

"ತೋರ್ಸಿ, ನೋಡುವ."

ನಾನು ಅಳಿಯನ ಕೈಯಿಂದ ಮೌಸ್ ತೆಗೆದುಕೊಂಡು ಒಂದೊಂದೇ ಚಿತ್ರ ಸರಿಸಿದೆ. ಕ್ಯಾಮೆರಾ ತೆಗೆದ ಒಂದು ಚಿತ್ರದಲ್ಲಿ ಮುಂಗಾಲು ಇನ್ನೂ ಇಳಿದಿರಲಿಲ್ಲ, ಹಿಂಗಾಲು ನೆಲದ ಮೇಲಿತ್ತು. ಅದರ ಮುಂದಿನದರಲ್ಲಿ ಮುಂಗಾಲು ಊರಿತ್ತು. ಹಿಂಗಾಲು ಒಂದು ಮಸುಕು, ಒರೆಸಿದ ಬಳಪದ ಗುರುತಿನ ಹಾಗೆ. ನೆಲಕ್ಕೆ ತಾಗಿದೆ ಎಂದರೆ ತಾಗಿದೆ, ಇಲ್ಲ ಎಂದರೆ ಇಲ್ಲ. ಎರಡರ ನಡುವೆ ಸೆಕೆಂಡಿನ 50ನೇ ಒಂದು ಭಾಗ. ಸೆಕೆಂಡಿಗೆ ಐದು ಮೀಟರ್ ವೇಗದಲ್ಲಿ ಸರಿಯುವ ಪಾದ ಅಷ್ಟರಲ್ಲಿ ಹತ್ತು ಸೆಂಟಿಮೀಟರ್ ಹೋಗಿರುತ್ತದೆ. ಆ ಬಿಳಿ ಎಳೆ ಇದ್ದದ್ದು ಈ ಎರಡರ ನಡುವೆ ಕಂಪ್ಯೂಟರ್ ಬಿಡಿಸಿದ ಮೂರು ಚಿತ್ರಗಳಲ್ಲಿ ಮಾತ್ರ. ಹಿಂದಿದ್ದ ಬಿಳಿಗೆರೆಯ ತುಣುಕನ್ನು ಪಾದದ ಅಡಿಗೆ ಎಳೆದು ತಂದಿತ್ತು. ಫ್ಯಾನಿನ ರೆಕ್ಕೆ ಅಂಟಿಸಿದ ಹಾಗೆ. ತಂತ್ರಾಂಶದ್ದು ತಪ್ಪಲ್ಲ, ಅದು ಕಣ್ಣಿಗೆ ಹಿತವಾಗಲೆಂದು ಹುಟ್ಟಿದ್ದು. ಪಟ್ಟಿ ಕಾಣದಿರಲೆಂದು ಶಟರ್ ನಿಧಾನ ಮಾಡಿದವನು ನಾನು.

ಸುಮ್ಮನಿದ್ದರೆ ನಮ್ಮೂರಿಗೆ ಒಂದು ಅಂಕ. ಅಳಿಯ ನನ್ನ ಮುಖ ನೋಡಿದ. ಅವನಿಗೂ ಗೊತ್ತಿತ್ತು.

"ಮಾಸ್ಟ್ರೇ, ಈ ಬೆಳಕು ಕ್ಯಾಮೆರಾ ತೆಗ್ದದ್ದಲ್ಲ."

"ಮತ್ತೆ ಯಾರು ತೆಗ್ದದ್ದು?"

"ಕಂಪ್ಯೂಟರ್. ನಡುವೆ ಹೀಗೆ ಇದ್ದಿರ್ಬೇಕು ಅಂತ ಅದೇ ಹಾಕಿದ್ದು."

"ಅಂದಾಜಾ?"

"ಅಂದಾಜು."

ಅವರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ನನ್ನನ್ನೇ ಸ್ವಲ್ಪ ಹೊತ್ತು ನೋಡಿದರು. "ಅಂದಾಜು ಮಾಡ್ಲಿಕ್ಕೆ ನಮಗೂ ಬರ್ತದೆ" ಎಂದು ತಿರುಗಿ ನಡೆದರು. ಬೋನಸ್ ಇಲ್ಲ. ನಮ್ಮೂರು ಒಂದು ಅಂಕದಿಂದ ಸೋತಿತು.

ಕಾರ್ಯದರ್ಶಿಯವರು ಮೇಜಿನ ಬಳಿಯೇ ನಿಂತಿದ್ದರು. "ಇಷ್ಟೆಲ್ಲ ಮಿಷನು ತಂದದ್ದು ಎಂತಕ್ಕೆ ಮತ್ತೆ?" ಅವರ ಸಿಟ್ಟಿಗೆ ನನ್ನಲ್ಲಿ ಉತ್ತರ ಇರಲಿಲ್ಲ. ಈಗಲೂ ಪೂರ್ತಿ ಇಲ್ಲ. ಗ್ಯಾಲರಿಯವರಂತೂ ಬೆಳಕನ್ನು ಕಣ್ಣಾರೆ ಕಂಡಿದ್ದರು. ಮುಂದೆ ಎಷ್ಟೋ ದಿನ ಊರಿನಲ್ಲಿ ಎಲ್ಲಿ ಸಿಕ್ಕಿದರೂ, ಪರದೆಯಲ್ಲಿ ಅಷ್ಟು ಚಂದ ಕಂಡದ್ದನ್ನು ಇಲ್ಲ ಎಂದು ಹೇಳಿದವನು ಎಂದೇ ನನ್ನ ಗುರುತು. ಫೈನಲ್‌ಗೆ ಮೊದಲು ನಾನು ಫುತತಾಬಿಯ ಗುಣಮಟ್ಟವನ್ನು ಸೊನ್ನೆಗೆ ಇಳಿಸಿದೆ. ಸೊನ್ನೆ ಎಂದರೆ ಅದು ನಡುವೆ ಏನನ್ನೂ ಬಿಡಿಸುವುದಿಲ್ಲ, ಇದ್ದ ಚಿತ್ರವನ್ನೇ ಮತ್ತೆ ಮತ್ತೆ ತೋರಿಸುತ್ತದೆ. ರಿಪ್ಲೇ ಹಳೆಯ ಎತ್ತಿನಗಾಡಿಯ ಹಾಗೆ ಕುಲುಕಾಡುತ್ತ ಹೋಯಿತು. ಯಾರೂ ಓ ಎನ್ನಲಿಲ್ಲ. ವಿವರಣೆಕಾರರು ಮಾತು ನಿಲ್ಲಿಸಲಿಲ್ಲ.

ಬೆಳಕು ಹರಿದ ಮೇಲೆ ವಯರು ಸುತ್ತುತ್ತಿದ್ದೆವು. ಊಟದ ಶೆಡ್ಡಿನಲ್ಲಿ ಸಜ್ಜಿಗೆ-ಬಜಿಲ್ ಕೊಡುತ್ತಿದ್ದರು. ಆ ರೈಡರ್ ಹುಡುಗ ಬಾಳೆಲೆಯ ತುಂಡು ಕೈಯಲ್ಲಿ ಹಿಡಿದು ನಮ್ಮ ಮೇಜಿನ ಹತ್ತಿರ ಬಂದ. ಮೊಣಕಾಲಿಗೆ ಅರಿಶಿನ ಮೆತ್ತಿದ್ದ. ಬೈಯಲು ಬಂದನೇನೋ ಎಂದುಕೊಂಡೆ. ಸುಮ್ಮನೆ ಪಕ್ಕದ ಕುರ್ಚಿಯಲ್ಲಿ ಕೂತು ತಿನ್ನತೊಡಗಿದ. ಕೇಳಿಯೇಬಿಟ್ಟೆ:

"ನಿಜ ಹೇಳು ಮಾರಾಯ, ಹಿಂದಿನ ಕಾಲು ಎದ್ದಿತ್ತಾ?"

"ನನಗೆಂತ ಗೊತ್ತುಂಟು ಅಣ್ಣ? ನಾನು ಅವರ ಕೈ ನೋಡ್ತಾ ಇದ್ದದ್ದು."

ಎಲೆ ಮಡಚಿ, ಕೈಯನ್ನು ಚಡ್ಡಿಗೆ ಒರೆಸಿಕೊಂಡು ಮೊಬೈಲು ತೆಗೆದ. ಆ ರೈಡಿನ ವಿಡಿಯೋ ಬೇಕಂತೆ, ಸ್ಟೇಟಸ್ಸಿಗೆ ಹಾಕಲು. ಡಿಸ್ಕಿನಲ್ಲಿ ಎರಡೂ ಇತ್ತು, ಕ್ಯಾಮೆರಾ ತೆಗೆದ ಹಾಗೆಯೇ ಇದ್ದದ್ದು ಮತ್ತು ಪರದೆಯಲ್ಲಿ ತೋರಿಸಿದ್ದು. ಯಾವುದು ಎಂದು ಕೇಳಿದೆ.

"ಸ್ಲೋ ಮೋಷನ್ನೇ ಕೊಡಿ" ಎಂದ. "ಅದರಲ್ಲಿ ಕಾಲು ಚಂದ ಬಂದಿದೆ."